ನಾಗರಹಾವು ಟಾಕೀಸ್‌ನಲ್ಲಿ ಒಂದು, ಮನೆಯಲ್ಲಿ ಇನ್ನೊಂದು. ನಿಮಗೂ ಹೀಗೆ ಆಗಿದೆಯಾ?

ಕೋಟೆ ಕೆಳಗಿನವಳು, ಚಿತ್ರದುರ್ಗ

ಎಲ್ಲರಿಗೂ ನಮಸ್ಕಾರ. ಇಲ್ಲಿ ದುರ್ಗದವರೂ ಇದ್ದೀರಿ, ದಾವಣಗೆರೆಯವರೂ ಇದ್ದೀರಿ. ಅದಕ್ಕೇ ಈ ಮಾತು ಇಲ್ಲಿ ಎತ್ತುತ್ತಿದ್ದೇನೆ.

2018ರ ಜುಲೈನಲ್ಲಿ 'ನಾಗರಹಾವು' ಸಿನಿಮಾವನ್ನು ಸಿನಿಮಾಸ್ಕೋಪ್ ಮಾಡಿ, 7.1 ಸೌಂಡ್ ಹಾಕಿ ಮತ್ತೆ ಬಿಡುಗಡೆ ಮಾಡಿದ್ದರಲ್ಲ, ಆಗ ಅಪ್ಪನ ಜೊತೆ ಟಾಕೀಸ್‌ನಲ್ಲಿ ನೋಡಿದ್ದೆ. ಮೊನ್ನೆ ಅದನ್ನೇ ಅಮ್ಮನ ಜೊತೆ ಮನೆಯಲ್ಲಿ ಟೀವಿಯಲ್ಲಿ ನೋಡಿದೆ. ಎರಡು ಬೇರೆ ಸಿನಿಮಾ ನೋಡಿದ ಹಾಗಾಯಿತು.

ಟಾಕೀಸ್‌ನಲ್ಲಿ ಏನಾಗಿತ್ತು ಅಂದರೆ, ಸಿನಿಮಾ ನಮ್ಮ ಊರಿನದ್ದು. ಬಂಡೆ ಕಂಡರೂ ಜನ ಕೂಗುತ್ತಿದ್ದರು. "ಅದು ನಮ್ಮ ಮೇಲುದುರ್ಗ", "ಅಲ್ಲೇ ಅಲ್ವಾ ನಾವು ಬುತ್ತಿ ಕಟ್ಟಿಕೊಂಡು ಹೋಗಿದ್ದು" ಅಂತ. ವಿಷ್ಣುವರ್ಧನ್ ಪರದೆಗೆ ಬಂದಾಗ ಎದ್ದ ಶಿಳ್ಳೆಯಲ್ಲಿ ಮೊದಲ ಮಾತುಗಳು ಕೇಳಿಸಲೇ ಇಲ್ಲ. ಅವರು ಹೋಗಿ ಆಗಲೇ ಎಂಟು ವರ್ಷ ದಾಟಿತ್ತು. ಜಲೀಲನಾಗಿ ಅಂಬರೀಷ್ ಬಂದಾಗಲೂ ಅಷ್ಟೇ ಗಲಾಟೆ. ಅಂಬರೀಷ್ ಆಗ ಇದ್ದರು, ಅದೇ ನವೆಂಬರ್‌ನಲ್ಲಿ ತೀರಿಕೊಂಡರು. ಜಯಂತಿ ಓಬವ್ವ ಆಗಿ ಒನಕೆ ಎತ್ತಿದಾಗ ನಮ್ಮ ಹಿಂದಿನ ಸಾಲಿನ ಹೆಂಗಸರು ಎದ್ದು ನಿಂತರು. ಚಾಮಯ್ಯ ಮೇಷ್ಟ್ರು ಶಿಷ್ಯ ರಾಮಾಚಾರಿಯ (ಅಂದರೆ ವಿಷ್ಣು) ಕೈಯಲ್ಲಿ ಅವನು ಪ್ರೀತಿಸಿದ ಅಲಮೇಲುವನ್ನು ಬಿಡಿಸುವ ದೃಶ್ಯದಲ್ಲಿ ಅಪ್ಪ ಕಣ್ಣು ಒರೆಸಿಕೊಂಡರು. ನಾನೂ ಅತ್ತೆ. ಗುರು ಕೇಳಿದ, ಶಿಷ್ಯ ಕೊಟ್ಟ. ಎಂಥ ಹುಡುಗ ಅನ್ನಿಸಿತ್ತು.

ಮನೆಯಲ್ಲಿ ಅದೇ ದೃಶ್ಯ ಬಂದಾಗ ಅಮ್ಮ ಟೀವಿ ಕಡೆ ನೋಡುತ್ತಲೇ ಕೇಳಿದರು, "ಆ ಹುಡುಗೀನ ಯಾರಾದ್ರೂ ಒಂದು ಮಾತು ಕೇಳಿದ್ರಾ?"

ಯಾರೂ ಕೇಳಿರಲಿಲ್ಲ. ಮೇಷ್ಟ್ರು ಕೇಳಲಿಲ್ಲ, ರಾಮಾಚಾರಿ ಕೇಳಲಿಲ್ಲ. ತ್ಯಾಗ ಅವನದ್ದು, ಆದರೆ ಕಳೆದುಕೊಂಡದ್ದು ಅವಳ ಬದುಕು. ಆಮೇಲೆ ಆಕೆ ಹೋಟೆಲಿನಲ್ಲಿ ಅವನಿಗೆ ಸಿಗುತ್ತಾಳಲ್ಲ, ಗಂಡನೇ ಆ ದಂಧೆಗೆ ತಳ್ಳಿರುತ್ತಾನೆ. ಆ ದೃಶ್ಯ ನೋಡುವಾಗ ನನಗೆ ಮೇಷ್ಟ್ರ ಮೇಲೆ ನಿಜಕ್ಕೂ ಸಿಟ್ಟು ಬಂತು. ಟಾಕೀಸ್‌ನಲ್ಲಿ ಈ ಸಿಟ್ಟು ಒಂದು ಚೂರೂ ಬಂದಿರಲಿಲ್ಲ.

ನನಗೆ ಅನ್ನಿಸುವುದು ಇಷ್ಟು: ಟಾಕೀಸ್‌ನಲ್ಲಿ ಜನ ಯಾರ ಪರವೋ ನಾವೂ ಅವರ ಪರ ಆಗಿಬಿಡುತ್ತೇವೆ. ಮನೆಯಲ್ಲಿ ಸಿನಿಮಾದ ಜೊತೆ ವಾದ ಮಾಡುತ್ತೇವೆ. ನಿಮ್ಮ ಅನುಭವ ಹೇಳಿ. ಬೇರೆ ಸಿನಿಮಾ ಆದರೂ ಸರಿ.

ಬೆಣ್ಣೆದೋಸೆ ಭಕ್ತ, ದಾವಣಗೆರೆ

ಅಕ್ಕ, ಮೇಷ್ಟ್ರನ್ನು ಬಯ್ಯಬೇಡಿ. ಅಶ್ವತ್ಥ್ ಅವರ ಆ ಮುಖ ನೋಡಿಯೂ ಸಿಟ್ಟು ಹೇಗೆ ಬರುತ್ತದೆ? ಅದು 1972ರ ಸಿನಿಮಾ. ಮಕ್ಕಳಿಲ್ಲದ ಮನುಷ್ಯ, ಊರೆಲ್ಲ ಪುಂಡ ಅಂದ ಹುಡುಗನನ್ನು ಮಗನ ಹಾಗೆ ನೋಡಿಕೊಂಡವರು. ಜಾತಿಯ ಗೋಡೆ ಮೇಷ್ಟ್ರು ಕಟ್ಟಿದ್ದಲ್ಲ.

ಇನ್ನೊಂದು ಮಾತು. ಪುಟ್ಟಣ್ಣ ಆ ಸಿನಿಮಾ ಮಾಡಿದ್ದು ಟಾಕೀಸ್‌ಗೆ. ಹತ್ತಾರು ಅಡಿ ಎತ್ತರದ ಮುಖ, ನೂರಾರು ಜನ, ಕತ್ತಲೆ. ಮನೆಯಲ್ಲಿ ಕುಕ್ಕರ್ ಕೂಗುತ್ತದೆ, ಫೋನ್ ಬರುತ್ತದೆ, ನಿಲ್ಲಿಸುತ್ತೀರಿ, ಮತ್ತೆ ಹಾಕುತ್ತೀರಿ. ಹಾಗೆ ತುಂಡು ತುಂಡು ನೋಡಿದರೆ ಯಾವ ಪಾತ್ರದಲ್ಲಿ ಬೇಕಾದರೂ ತಪ್ಪು ಕಾಣುತ್ತದೆ.

ಕೋಟೆ ಕೆಳಗಿನವಳು

ಒಂದು ಸಲವೂ ನಿಲ್ಲಿಸದೆ ನೋಡಿದ್ದೇವೆ ತಮ್ಮಾ. ಗೋಡೆ ಅವರು ಕಟ್ಟಿದ್ದಲ್ಲ, ಒಪ್ಪುತ್ತೇನೆ. ಆದರೆ ರಾಮಾಚಾರಿ ಆ ಗೋಡೆ ದಾಟಲು ತಯಾರಿದ್ದ. ತಡೆಯುವ ಶಕ್ತಿ ಇದ್ದದ್ದು ಒಬ್ಬರಿಗೇ. ಅವರೇ ತಡೆದರು.

ಹಳೆ ಆಪರೇಟರ್, ದಾವಣಗೆರೆ

ನಾನು ಇಲ್ಲಿಯ ಒಂದು ಟಾಕೀಸ್‌ನಲ್ಲಿ ಆಪರೇಟರ್ ಆಗಿದ್ದವನು. ಮೆಷಿನ್ ಬೆಳಕಿಗೆ ಮೊದಲು ಕಾರ್ಬನ್ ಕಡ್ಡಿ ಉರಿಸುವ ಕಾಲ, ಆಮೇಲೆ ಝೆನಾನ್ ಲ್ಯಾಂಪ್. ಮೊಮ್ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ.

ಈಗಿನವರಿಗೆ ಗೊತ್ತಿರಲಿಕ್ಕಿಲ್ಲ, ಅದಕ್ಕೆ ಸ್ವಲ್ಪ ಹೇಳುತ್ತೇನೆ. ಕ್ಯಾಬಿನ್‌ನಲ್ಲಿ ಎರಡು ಮೆಷಿನ್ ಇರುತ್ತಿದ್ದವು. ಒಂದರಲ್ಲಿ ರೀಲು ಮುಗಿಯುವ ಹೊತ್ತಿಗೆ ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಚಿಕ್ಕ ಚುಕ್ಕೆ ಬರುತ್ತದೆ. ಅದು ಕಂಡರೆ ಎರಡನೇ ಮೆಷಿನ್ ಮೋಟಾರು ಶುರು ಮಾಡಬೇಕು. ಇನ್ನೊಂದು ಚುಕ್ಕೆ ಬಂದಾಗ ಬೆಳಕು ಬದಲಿಸಬೇಕು. ಕಾರ್ಬನ್ ಕಡ್ಡಿ ಉರಿಯುತ್ತಾ ಸವೆಯುತ್ತದೆ. ಎರಡು ಕಡ್ಡಿಯ ನಡುವಿನ ಅಂತರ ನೋಡಿಕೊಳ್ಳುತ್ತಲೇ ಇರಬೇಕು. ಬಿಟ್ಟರೆ ಪರದೆ ಮಬ್ಬಾಗುತ್ತದೆ, ನೆಲದಿಂದ ಕೂಗು ಶುರುವಾಗುತ್ತದೆ. ಹೀಗಾಗಿ ಆಪರೇಟರ್‌ನ ಕಣ್ಣು ಪರದೆ ಮೇಲೆ, ಕಿವಿ ಜನರ ಮೇಲೆ.

ಆ ಕಿವಿಯಿಂದ ಒಂದು ಮಾತು ಹೇಳುತ್ತೇನೆ ತಾಯಿ. ನೀವು ಟಾಕೀಸ್ ಜನ ಅಂದಿರಿ. ಟಾಕೀಸ್ ಜನ ಅಂತ ಒಂದು ಗುಂಪು ಇರಲಿಲ್ಲ. ಮ್ಯಾಟಿನಿಗೆ ಬರುವವರು ಹೆಂಗಸರು. ಮನೆ ಕೆಲಸ ಮುಗಿಸಿ, ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು, ನಿಟ್ಟುವಳ್ಳಿ, ಮಂಡಿಪೇಟೆ ಕಡೆಯಿಂದ ಗುಂಪಾಗಿ ಬರುತ್ತಿದ್ದರು. ಸೆಕೆಂಡ್ ಶೋ ಬಂದರೆ ಹಗಲು ಪಾಳಿ ಮುಗಿಸಿದ ಕಾಟನ್ ಮಿಲ್ ಕಾರ್ಮಿಕರು, ಮಂಡಿ ಹಮಾಲರು, ಹಾಸ್ಟೆಲ್ ಹುಡುಗರು. ಸಿನಿಮಾ ಅದೇ, ರೀಲು ಅದೇ, ದಿನವೂ ಅದೇ. ಆದರೆ ಎರಡೂ ಶೋನ ಸದ್ದು ಬೇರೆ.

ನಾಗರಹಾವು ಮರುಪ್ರದರ್ಶನಕ್ಕೆ ನಮ್ಮಲ್ಲಿ ಬಂದಾಗ ನಾನು ಓಡಿಸಿದ್ದೇನೆ. ಸೆಕೆಂಡ್ ಶೋನಲ್ಲಿ ಪ್ರಿನ್ಸಿಪಾಲರನ್ನು ಕಂಬಕ್ಕೆ ಕಟ್ಟುವಾಗ ಶಿಳ್ಳೆ, ಜಲೀಲನ ಹೊಡೆದಾಟಕ್ಕೆ ಶಿಳ್ಳೆ. ಮ್ಯಾಟಿನಿಯಲ್ಲಿ ಅದೆಲ್ಲ ತಣ್ಣಗೆ. ಅಲಮೇಲು ಮದುವೆ ಆಗುವಾಗ ಮಾತ್ರ ಇಡೀ ಹಾಲ್ ಮಾತಾಡುತ್ತಿತ್ತು. "ಹುಡುಗಿ ಬಾಳು ಹಾಳು ಮಾಡಿದ್ರು" ಅಂತ ಜೋರಾಗಿಯೇ ಅನ್ನುತ್ತಿದ್ದರು, ಕ್ಯಾಬಿನ್ ಕಿಂಡಿಯವರೆಗೂ ಕೇಳಿಸುತ್ತಿತ್ತು. ನಿಮ್ಮ ತಾಯಿ ಮನೆಯಲ್ಲಿ ಕೇಳಿದ ಪ್ರಶ್ನೆ ಆಗಲೇ ಟಾಕೀಸ್‌ನಲ್ಲಿ ಎದ್ದಿತ್ತು. ನೀವು 2018ರಲ್ಲಿ ಯಾವ ಆಟಕ್ಕೆ ಹೋಗಿದ್ದಿರೋ, ಅಕ್ಕಪಕ್ಕ ಯಾರಿದ್ದರೋ, ಅದರ ಮೇಲೆ ಹೋಗುತ್ತದೆ.

ಕೋಟೆ ಕೆಳಗಿನವಳು

ಅಜ್ಜಾ, ಇದು ನನಗೆ ಹೊಳೆದೇ ಇರಲಿಲ್ಲ. ನಾವು ಹೋಗಿದ್ದು ಭಾನುವಾರ ಸಂಜೆ ಆಟಕ್ಕೆ. ಸುತ್ತ ಎಲ್ಲ ವಿಷ್ಣು ಅಭಿಮಾನಿಗಳು, ಕೈಯಲ್ಲಿ ಬಾವುಟ. ಇನ್ನಷ್ಟು ಬರೆಯಿರಿ, ದಯವಿಟ್ಟು.

ನಿಟ್ಟುವಳ್ಳಿ ಸರೋಜಕ್ಕ

ಆಪರೇಟರ್ ಅಣ್ಣ ಹೇಳಿದ ಮ್ಯಾಟಿನಿಗೆ ಹೋದವರಲ್ಲಿ ನಾನೂ ಒಬ್ಬಳು. ಚಿಕ್ಕಮ್ಮನ ಕೈ ಹಿಡಿದುಕೊಂಡು ಹೋಗುತ್ತಿದ್ದೆ. ಬರುವಾಗ ನರ್ಗಿಸ್ ಮಂಡಕ್ಕಿ ಪೊಟ್ಟಣ ಕಟ್ಟಿಸಿಕೊಂಡು ನಡೆದೇ ಬರುತ್ತಿದ್ದೆವು. ದಾರಿಯುದ್ದ ಸಿನಿಮಾ ಮಾತೇ. ಹೆಂಗಸರು ಹೊರಗೆ ಅಷ್ಟು ಜೋರಾಗಿ ಮಾತಾಡುತ್ತಿದ್ದದ್ದು ಅದೊಂದೇ ಹೊತ್ತಿನಲ್ಲಿ ಅಂತ ಈಗ ಅನ್ನಿಸುತ್ತದೆ.

ಮದುವೆ ಆದ ಮೇಲೆ ಟಾಕೀಸ್ ನಿಂತೇ ಹೋಯಿತು. ಯಾರೂ ಬೇಡ ಅನ್ನಲಿಲ್ಲ. ಆದರೆ ಹೋಗಬೇಕಾದರೆ ಇವರಿಗೆ ಬಿಡುವಿರಬೇಕು, ಅತ್ತೆಗೆ ಅಡುಗೆ ಆಗಿರಬೇಕು, ಮಕ್ಕಳಿಗೆ ಪರೀಕ್ಷೆ ಇರಬಾರದು. ಇಷ್ಟೆಲ್ಲ ಕೂಡಿ ಬರುವ ಹೊತ್ತಿಗೆ ಸಿನಿಮಾ ಎತ್ತಿಬಿಟ್ಟಿರುತ್ತಿದ್ದರು.

2020ರ ಲಾಕ್‌ಡೌನ್‌ನಲ್ಲಿ ಮಗಳು ಅವಳ ಫೋನಿನಲ್ಲಿ 'ದಿಯಾ' ಹಾಕಿಕೊಟ್ಟಳು. ಅದು ಫೆಬ್ರವರಿಯಲ್ಲಿ ಬಿಡುಗಡೆ ಆಗಿತ್ತಂತೆ, ಟಾಕೀಸ್‌ನಲ್ಲಿ ಜನ ಬರಲಿಲ್ಲವಂತೆ, ಆ್ಯಪ್‌ಗೆ ಬಂದ ಮೇಲೆ ಎಲ್ಲರೂ ಅದರ ಮಾತೇ. ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ಕೂತು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ನೋಡಿದೆ. ಆ ಹುಡುಗಿ ಮನಸ್ಸಿನಲ್ಲೇ ಮಾತಾಡಿಕೊಳ್ಳುತ್ತಾಳೆ, ಹೊರಗೆ ಹೇಳುವುದಿಲ್ಲ. ಆ ಮಾತು ನೇರ ನನ್ನ ಕಿವಿಯೊಳಗೇ ಬರುತ್ತಿತ್ತು. ಕೊನೆ ನೋಡಿ ಬಹಳ ಹೊತ್ತು ಅತ್ತೆ. ಯಾಕೆ ಅಳುತ್ತೀಯ ಅಂತ ಕೇಳುವವರು ಇರಲಿಲ್ಲ. ಅದು ನನಗೆ ಬೇಕಾಗಿತ್ತು.

ಟಾಕೀಸೇ ದೊಡ್ಡದು ಅನ್ನುವ ತಮ್ಮಂದಿರಿಗೆ ಇದನ್ನು ಹೇಳಬೇಕು ಅನ್ನಿಸಿತು. ಒಬ್ಬಳೇ ಕೂತು ಒಂದು ಸಿನಿಮಾ ಪೂರ್ತಿ ನೋಡುವುದು ನಮ್ಮಂಥವರಿಗೆ ಸಿಕ್ಕಿದ್ದೇ ಈ ಚಿಕ್ಕ ಪರದೆಯಿಂದ.

ಬೆಣ್ಣೆದೋಸೆ ಭಕ್ತ

ಸರೋಜಕ್ಕ, ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಓದಿ ಸುಮ್ಮನೆ ಕೂತೆ.

ಜಗಳೂರು ಕಡೆಯವನು

ನಮ್ಮ ಊರಿಗೆ ಮೊದಲು ಟೂರಿಂಗ್ ಟಾಕೀಸ್ ಬರುತ್ತಿತ್ತು. ಸಂಜೆ 'ನಮೋ ವೆಂಕಟೇಶ' ಹಾಡು ಮೈಕಿನಲ್ಲಿ ಬಂತು ಅಂದರೆ ಟೆಂಟ್ ಶುರು ಅಂತ ಅರ್ಥ. ಹೊಲದಲ್ಲಿದ್ದವರು ಕೈಕಾಲು ತೊಳೆದು ಓಡುತ್ತಿದ್ದರು. ನೆಲದಲ್ಲಿ ಕೂತರೆ ಕಮ್ಮಿ ದುಡ್ಡು, ಬೆಂಚಿಗೆ ಸ್ವಲ್ಪ ಜಾಸ್ತಿ. ಈಗ ಟೆಂಟ್ ಇಲ್ಲ. ದಾವಣಗೆರೆಗೇ ಹೋಗಬೇಕು. ಸೆಕೆಂಡ್ ಶೋ ನೋಡಿದರೆ ವಾಪಸ್ ಬಸ್ಸಿಲ್ಲ.

ರಾತ್ರಿ ಕರೆಂಟ್ ಕೊಟ್ಟಾಗ ಮೋಟಾರ್ ಹಾಕಿ ನೀರು ಕಟ್ಟಬೇಕು, ಆಗ ಬದುವಿನ ಮೇಲೆ ಕೂತು ಫೋನಿನಲ್ಲಿ ನೋಡುತ್ತೇನೆ. 'ತಿಥಿ' ಹಾಗೇ ನೋಡಿದ್ದು. ಅದರಲ್ಲಿ ನಟರೇ ಇಲ್ಲ, ಮಂಡ್ಯ ಕಡೆ ಹಳ್ಳಿಯ ಜನವೇ. ಗಡ್ಡಪ್ಪ ಬೀಡಿ ಸೇದುತ್ತಾ ಹೊಲದ ದಾರಿಯಲ್ಲಿ ಹೋಗುತ್ತಿದ್ದರೆ ನನ್ನ ಪಕ್ಕದಲ್ಲೇ ಹೋದ ಹಾಗಿತ್ತು. ಅದಕ್ಕೆ ಎಸಿ ಹಾಲ್ ಬೇಕು ಅಂತ ನನಗೆ ಅನ್ನಿಸಲಿಲ್ಲ.

ಆದರೆ 'ಕಾಂತಾರ' ಬೇರೆ. ಅದನ್ನು 2022ರಲ್ಲಿ ದಾವಣಗೆರೆ ಟಾಕೀಸ್‌ನಲ್ಲೇ ನೋಡಿದೆವು, ಊರಿಂದ ಗಾಡಿ ಮಾಡಿಕೊಂಡು ಹೋಗಿದ್ದೆವು. ಕರಾವಳಿ ಕನ್ನಡ ಅರ್ಧ ನಮಗೆ ತಿಳಿಯಲಿಲ್ಲ. ಆದರೂ ಕೊನೆಯ ಇಪ್ಪತ್ತು ನಿಮಿಷ ಯಾರೂ ಕದಲಲಿಲ್ಲ. ದೈವದ ಆ ಕೂಗು ಎದೆಗೆ ಬಡಿಯಿತು. ನಮ್ಮ ಜೊತೆ ಬಂದಿದ್ದ ದೊಡ್ಡಪ್ಪ ಎದ್ದು ಕೈಮುಗಿದರು. ನಮ್ಮ ಕಡೆ ಭೂತ ಕೋಲ ಇಲ್ಲ, ಆದರೆ ದೇವರು ಮೈಮೇಲೆ ಬರುವುದು ನಮಗೂ ಗೊತ್ತು.

ಆಮೇಲೆ ನವೆಂಬರ್‌ನಲ್ಲಿ ಪ್ರೈಮ್‌ಗೆ ಬಂತು. ಊರವರಿಗೆಲ್ಲ ತೋರಿಸುತ್ತೇನೆ ಅಂತ ಮನೆಯಲ್ಲಿ ಹಾಕಿದೆ. 'ವರಾಹ ರೂಪಂ' ಹಾಡು ಬಂದಾಗ ರಾಗವೇ ಬೇರೆ! ಆ ರಾಗದ ಮೇಲೆ ಕೇರಳದ ಬ್ಯಾಂಡಿನವರು ಕೇಸು ಹಾಕಿದ್ದರು, ಕೋರ್ಟು ತಡೆದಿತ್ತು, ಅದಕ್ಕೆ ಬದಲಾಯಿಸಿ ಬಿಟ್ಟಿದ್ದರು. ಆಮೇಲೆ ಹಳೆಯ ರಾಗ ವಾಪಸ್ ಬಂತು ಅನ್ನಿ. ಆದರೆ ಆವತ್ತು ದೊಡ್ಡಪ್ಪ "ಇದು ಅದಲ್ಲ" ಅಂತ ಎದ್ದು ಹೋದರು. ಹಾಡು ಒಂದು ಬದಲಾಗಿದ್ದಕ್ಕೆ ದೇವರೇ ಬರಲಿಲ್ಲ ಅನ್ನುವ ಹಾಗೆ ಬೇಜಾರು ಮಾಡಿಕೊಂಡರು. ಅವರು ಅಷ್ಟು ಗಮನ ಕೊಟ್ಟು ಕೇಳಿದ್ದರು ಅಂತ ನನಗೆ ಆಗಲೇ ಗೊತ್ತಾಗಿದ್ದು.

ಮೇಷ್ಟ್ರ ಮಗ, ಹೊಳಲ್ಕೆರೆ

ನನ್ನದು ಅನುಭವಕ್ಕಿಂತ ತೊಂದರೆ. ಅಪ್ಪ ನಿವೃತ್ತ ಮೇಷ್ಟ್ರು, ಕಿವಿ ಸ್ವಲ್ಪ ಮಂದ. ಹೊಸ ಟೀವಿ ತಂದೆವು. ಸಿನಿಮಾ ಹಾಕಿದರೆ ಸಂಗೀತ ಜೋರು, ಮಾತು ಕೇಳಿಸುವುದೇ ಇಲ್ಲ. ಸೌಂಡ್ ಜಾಸ್ತಿ ಮಾಡಿದರೆ ಫೈಟಿಂಗ್ ಬಂದಾಗ ಪಕ್ಕದ ಮನೆಯವರು ಬರುತ್ತಾರೆ. ಸಬ್‌ಟೈಟಲ್ ಹಾಕೋಣ ಅಂದರೆ ನಾವು ನೋಡಿದ ಕನ್ನಡ ಸಿನಿಮಾಗಳಿಗೆ ಇಂಗ್ಲಿಷ್ ಸಬ್‌ಟೈಟಲ್ ಮಾತ್ರ ಇತ್ತು. ಜೀವನವೆಲ್ಲ ಕನ್ನಡ ಕಲಿಸಿದವರು, ಕನ್ನಡ ಸಿನಿಮಾದ ಮಾತನ್ನು ಇಂಗ್ಲಿಷಿನಲ್ಲಿ ಓದಬೇಕಾ? ಇದು ನನಗೆ ನಿಜವಾಗಿ ನೋವಾಗುವ ವಿಷಯ. ಕಿವಿ ಕೇಳದ ಕನ್ನಡದವರು ಎಷ್ಟು ಮನೆಯಲ್ಲಿಲ್ಲ?

ಇನ್ನೊಂದು, ಹಳೆ ಸಿನಿಮಾ ಹಾಕಿದರೂ ಧಾರಾವಾಹಿ ಥರ ಕಾಣುತ್ತದೆ. ಟೀವಿ ಕೆಟ್ಟಿದೆಯಾ?

ಟೀವಿ ರಿಪೇರಿ, ಕೆ.ಟಿ.ಜೆ. ನಗರ

ಕೆಟ್ಟಿಲ್ಲ ಸರ್. ಎರಡೂ ಸೆಟ್ಟಿಂಗ್ ವಿಷಯ.

ಟಾಕೀಸ್‌ನಲ್ಲಿ ಮಾತು ಬರುವುದು ಪರದೆಯ ಹಿಂದೆ ನಡುವಿನ ಸ್ಪೀಕರಿನಿಂದ. ಸಂಗೀತ, ಸದ್ದು ಎಲ್ಲ ಪಕ್ಕದಿಂದ, ಹಿಂದಿನಿಂದ. ಅದನ್ನು 5.1 ಅನ್ನುತ್ತಾರೆ. ಮನೆ ಟೀವಿಯಲ್ಲಿ ಇರುವುದು ಎರಡೇ ಚಿಕ್ಕ ಸ್ಪೀಕರ್, ಅದೂ ಜಾಸ್ತಿ ಟೀವಿಗಳಲ್ಲಿ ಕೆಳಗೆ ಮುಖ ಮಾಡಿರುತ್ತವೆ. ಆರು ದಾರಿಯ ಸದ್ದನ್ನು ಎರಡಕ್ಕೆ ತುರುಕಿದರೆ ಮಾತು ಮುಳುಗುತ್ತದೆ. ಸಿನಿಮಾ ಶುರುವಾದ ಮೇಲೆ ಆ್ಯಪ್‌ನ ಆಡಿಯೋ ಆಯ್ಕೆಗೆ ಹೋಗಿ. 5.1 ಬಿಟ್ಟು ಸ್ಟೀರಿಯೋ ಇದ್ದರೆ ಅದನ್ನು ಒತ್ತಿ. ಟೀವಿಯ ಸೌಂಡ್ ಮೆನುವಿನಲ್ಲಿ ಮಾತು ಸ್ಪಷ್ಟ ಮಾಡುವ ಮೋಡ್ ಇರುತ್ತದೆ, ರಾತ್ರಿ ಮೋಡ್ ಕೂಡ ಇರುತ್ತದೆ. ರಾತ್ರಿ ಮೋಡ್ ಹಾಕಿದರೆ ಫೈಟಿಂಗ್ ಸದ್ದು ತಗ್ಗುತ್ತದೆ, ಮಾತು ಮೇಲೆ ಬರುತ್ತದೆ.

ಧಾರಾವಾಹಿ ಥರ ಕಾಣುವುದಕ್ಕೆ ಕಾರಣ ಇದು. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ. ಹೊಸ ಟೀವಿ ಅದರ ನಡುವೆ ತಾನೇ ಚಿತ್ರ ಹುಟ್ಟಿಸಿ ತುಂಬಿಸುತ್ತದೆ, ಓಟ ನಯವಾಗಲಿ ಅಂತ. ಕ್ರಿಕೆಟ್‌ಗೆ ಅದು ಚೆಂದ, ಸಿನಿಮಾಕ್ಕೆ ಬೇಡ. ಒಂದೊಂದು ಕಂಪನಿ ಒಂದೊಂದು ಹೆಸರು ಇಟ್ಟಿದೆ. ಪಿಕ್ಚರ್ ಮೆನುವಿನಲ್ಲಿ ಮೋಷನ್ ಅಂತ ಇರುವುದನ್ನೆಲ್ಲ ಆಫ್ ಮಾಡಿ. ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದೊಂದನ್ನೇ ಒತ್ತಿದರೆ ಸಾಕು.

ಕನ್ನಡ ಸಬ್‌ಟೈಟಲ್ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನದೂ ಸೇರಿಸಿಕೊಳ್ಳಿ. ಅಂಗಡಿಗೆ ಬರುವ ಅಜ್ಜ ಅಜ್ಜಿಯರು ಇದನ್ನೇ ಕೇಳುತ್ತಾರೆ.

ಹರಿಹರದ ಓದುಗ

ನಾಗರಹಾವು ಮಾತು ಎಲ್ಲಿಗೋ ಹೋಯಿತು, ವಾಪಸ್ ತರುತ್ತೇನೆ. ಅದು ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ ಮಾಡಿದ ಸಿನಿಮಾ: 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ'. ತ.ರಾ.ಸು. ಹುಟ್ಟಿದ್ದು ನಮ್ಮ ತಾಲ್ಲೂಕಿನ ಮಲೆಬೆನ್ನೂರಿನಲ್ಲಿ, ಮನೆತನ ಚಳ್ಳಕೆರೆ ಕಡೆಯ ತಳುಕಿನದ್ದು. ಅವರಿಗೆ ಈ ಸಿನಿಮಾ ಹಿಡಿಸಲಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ. ಅಂದರೆ ಬರೆದವರೇ ಮೊದಲ ಜಗಳ ತೆಗೆದಿದ್ದಾರೆ. ಕೋಟೆ ಕೆಳಗಿನ ತಂಗಿ ಹೆದರಬೇಕಾಗಿಲ್ಲ.

ನನ್ನ ಮಟ್ಟಿಗೆ ಮನೆಯಲ್ಲೇ ನೋಡಬೇಕಾದ ಸಿನಿಮಾ, ಟಾಕೀಸ್‌ನಲ್ಲೇ ನೋಡಬೇಕಾದ ಸಿನಿಮಾ ಅಂತ ಇಲ್ಲ. 'ಆಕ್ಟ್ 1978' ನೋಡಿ. ಬಸುರಿ ಹೆಂಗಸು ಸರ್ಕಾರಿ ಕಚೇರಿಯಲ್ಲಿ ಬಾಂಬ್ ಕಟ್ಟಿಕೊಂಡು ನಿಲ್ಲುತ್ತಾಳೆ. ಪೂರ್ತಿ ಒಂದು ಕಚೇರಿಯೊಳಗೇ ನಡೆಯುವ ಕಥೆ, ಮನೆಗೆ ಸರಿಹೋಗುವಂಥದ್ದು ಅಲ್ವಾ? 2020ರ ನವೆಂಬರ್‌ನಲ್ಲಿ, ಲಾಕ್‌ಡೌನ್ ತೆಗೆದ ಮೇಲೆ, ಅರ್ಧ ಸೀಟು ಖಾಲಿ ಬಿಟ್ಟು ಕೂರಿಸುತ್ತಿದ್ದ ಹೊತ್ತಿನಲ್ಲಿ ಟಾಕೀಸ್‌ನಲ್ಲಿ ನೋಡಿದೆ. ಇಂಟರ್‌ವಲ್‌ನಲ್ಲಿ ಗುರುತಿಲ್ಲದವರೊಬ್ಬರು ಮಾಸ್ಕ್ ಕೆಳಗೆ ಇಳಿಸಿ, ತಮ್ಮ ಪಹಣಿ ತಿದ್ದುಪಡಿಗೆ ಎಷ್ಟು ಅಲೆದರು ಅಂತ ಹೇಳಿದರು. ಅವರ ಪಕ್ಕದವರು ತಮ್ಮ ವಿಧವಾ ಪಿಂಚಣಿ ಕಥೆ ಹೇಳಿದರು. ಸಿನಿಮಾ ಮುಗಿದ ಮೇಲೂ ಗೇಟಿನ ಹತ್ತಿರ ಗುಂಪು ನಿಂತಿತ್ತು. ಮನೆಯಲ್ಲಿ ಇದು ಆಗುವುದಿಲ್ಲ.

ದುರ್ಗದ ಸ್ಟೂಡೆಂಟ್

ಎಲ್ಲ ಸರಿ ಅಂಕಲ್, ಟಿಕೆಟ್ ದುಡ್ಡು? ನಮ್ಮ ಊರಿನ ಟಾಕೀಸ್ ಪರವಾಗಿಲ್ಲ, ಬೆಂಗಳೂರಿನಲ್ಲಿ ಓದುವಾಗ ಮಲ್ಟಿಪ್ಲೆಕ್ಸ್‌ಗೆ ಹೋಗಿ ಹುಷಾರು ತಪ್ಪುವುದೊಂದು ಬಾಕಿ. 2025ರಲ್ಲಿ ಸರ್ಕಾರ 200 ರೂಪಾಯಿ ಮಿತಿ ಮಾಡಿತು, ಹೈಕೋರ್ಟು ತಡೆ ಕೊಟ್ಟಿತು. ದೊಡ್ಡ ಸಿನಿಮಾ ಒಂದಕ್ಕೆ ಹೋಗುತ್ತೇವೆ, ಚಿಕ್ಕ ಸಿನಿಮಾಗಳನ್ನು ಆ್ಯಪ್‌ಗೆ ಬರಲಿ ಅಂತ ಬಿಡುತ್ತೇವೆ. ಹೀಗೆ ಬಿಟ್ಟೇ ಚಿಕ್ಕ ಸಿನಿಮಾ ಒಂದು ವಾರದಲ್ಲಿ ಎತ್ತಂಗಡಿ ಆಗುತ್ತದೆ. ಅದು ನನಗೂ ಗೊತ್ತು, ಆದರೆ ಕೈಯಲ್ಲಿ ಇರುವುದು ಇಷ್ಟೇ.

ಕೋಟೆ ಕೆಳಗಿನವಳು

ಎಲ್ಲರದ್ದೂ ಓದಿದೆ. ಅಮ್ಮನಿಗೂ ಓದಿ ಹೇಳಿದೆ. ಸರೋಜಕ್ಕನ ಮಾತಿಗೆ ಅಮ್ಮ ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ "ದಿಯಾ ಅಂದ್ರೆ ಯಾವುದು, ಹಾಕಿಕೊಡು" ಅಂದರು.

ಆಪರೇಟರ್ ಅಜ್ಜನಿಗೆ ಒಂದು ಪ್ರಶ್ನೆ. ಮೇಷ್ಟ್ರು ಬೆಟ್ಟದಿಂದ ಬೀಳುವ ದೃಶ್ಯದಲ್ಲಿ ಮ್ಯಾಟಿನಿಯವರು ಏನನ್ನುತ್ತಿದ್ದರು? ಅಲಮೇಲು ವಿಷಯದಲ್ಲಿ ಅಷ್ಟು ಸಿಟ್ಟಾಗಿದ್ದವರು ಅಲ್ಲಿ ಅಳುತ್ತಿದ್ದರಾ?

ಹಳೆ ಆಪರೇಟರ್

ಅಳುತ್ತಿದ್ದರು ತಾಯಿ. ಎರಡೂ ಶೋನಲ್ಲಿ ಅಳು ಒಂದೇ ಸಮ ಇದ್ದ ಜಾಗ ಅದೊಂದೇ. ಬಯ್ದ ಬಾಯಿಂದಲೇ "ಅಯ್ಯೋ ಮೇಷ್ಟ್ರೇ" ಅನ್ನುತ್ತಿದ್ದರು. ಮನುಷ್ಯರನ್ನು ಪೂರ್ತಿ ಒಪ್ಪಿದರೆ ಮಾತ್ರ ಅಳಬೇಕು ಅಂತ ಅವರಿಗೆ ಇರಲಿಲ್ಲ.

ಮೇಷ್ಟ್ರ ಮಗ, ಹೊಳಲ್ಕೆರೆ

ರಿಪೇರಿ ಅಣ್ಣನಿಗೆ ಬಹಳ ಥ್ಯಾಂಕ್ಸ್. ಸ್ಟೀರಿಯೋ ಮಾಡಿದೆ, ರಾತ್ರಿ ಮೋಡ್ ಹಾಕಿದೆ, ಮೋಷನ್ ಎಲ್ಲ ಆಫ್. ಮಾತು ಕೇಳಿಸುತ್ತಿದೆ ಅಂತ ಅಪ್ಪ ಕುರ್ಚಿ ಹಿಂದಕ್ಕೆ ಎಳೆದುಕೊಂಡು ಕೂತರು. ಹಾಕಿದ್ದು ನಾಗರಹಾವೇ, ಈ ಚರ್ಚೆ ಓದಿ ಹೇಳಿದ್ದೆನಲ್ಲ.

ಅಪ್ಪ ಊರಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು, ಚಾಮಯ್ಯನವರ ಪರ ಇರುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ಇಲ್ಲ. "ಹುಡುಗ ನಮ್ಮ ಮಾತು ಮೀರಲ್ಲ ಅಂತ ಗೊತ್ತಿದ್ದು ಕೇಳಿದ್ರು, ಅದು ಕೇಳಿದ್ದಲ್ಲ, ಕಿತ್ಕೊಂಡಿದ್ದು" ಅಂದರು. ಆದರೆ ಅದಕ್ಕಿಂತ ಜಾಸ್ತಿ ಸಿಟ್ಟು ಬಂದದ್ದು ಅಲಮೇಲು ಅಣ್ಣ ವರದನ ಮೇಲೆ. ಜಲೀಲನ ಕಾಟ ತಪ್ಪಿಸು ಅಂತ ರಾಮಾಚಾರಿಯ ಹತ್ತಿರ ಬಂದವನು ಅವನೇ, ತಂಗಿಯನ್ನು ಕೊಡುತ್ತೇನೆ ಅಂತ ಒಪ್ಪಿದವನೂ ಅವನೇ, ಕೆಲಸ ಆದ ಮೇಲೆ ಜಾತಿ ನೆಪ ಹೇಳಿ ಹಿಂದೆ ಸರಿದವನೂ ಅವನೇ. ಇಲ್ಲಿ ಇಷ್ಟು ಜನ ಬರೆದಿದ್ದೀರಿ, ಅವನ ಹೆಸರನ್ನೇ ಯಾರೂ ಎತ್ತಲಿಲ್ಲ ಯಾಕೆ ಅಂತ ಅಪ್ಪ ಕೇಳುತ್ತಿದ್ದಾರೆ. ಉತ್ತರ ಬರೆಯಿರಿ, ಓದಿ ಹೇಳುತ್ತೇನೆ.